ನಾಲ್ಕು ಜನರ ಭಯ

ಭಯದಲ್ಲಿ ಬಗೆಬಗೆಯುಂಟು. ಹಾವಿನ ಭಯ, ಕಳ್ಳನ ಭಯ, ರೋಗದ ಭಯ, ಇವು ಇರತಕ್ಕವೇ. ಎಷ್ಟೋ ವೇಳೆ ಇವು ನಮ್ಮನ್ನು ಕಾಯುತ್ತವೆ ಕೂಡ. ನಮ್ಮನ್ನು ಕಟ್ಟಿಹಾಕುವ ಭಯ ಬೇರೆ: "ನಾಲ್ಕು ಜನ ಏನೆಂದಾರು?" ಎಂಬುದು. ಊರು ಬಿಟ್ಟು ಇಷ್ಟು ದೂರದ ದೆಹಲಿಗೆ ಬಂದರೂ ಆ ನಾಲ್ಕು ಜನ ನಮ್ಮ ಹಾಸಿಗೆಯ ಸುರುಳಿಯೊಡನೆ ರೈಲು ಹತ್ತಿ ಬಂದೇಬಿಟ್ಟರು. ಮಗಳು ತಾನು ಮೆಚ್ಚಿದ ವಿದ್ಯೆ ಕಲಿಯಬೇಕೆಂದಾಗ, ಗಂಡನನ್ನು ಕಳೆದುಕೊಂಡ ತಂಗಿಯನ್ನು ಅರಿಸಿನ ಕುಂಕುಮಕ್ಕೆ ಕರೆಯಬೇಕೆಂದಾಗ, ಬಾಗಿಲಿಗೆ ಅಡ್ಡ ನಿಲ್ಲುವವರು ಅವರೇ ಅಲ್ಲವೆ?

ಅವರನ್ನು ದಾಟಿ ನಡೆದವರೊಬ್ಬರ ಮಾತು ಈ ಸಲ ಹೇಳೋಣ. ಕಮಲಾದೇವಿ ಚಟ್ಟೋಪಾಧ್ಯಾಯರು ಹುಟ್ಟಿದ್ದು 1903ರಲ್ಲಿ, ನಮ್ಮ ಮಂಗಳೂರಿನಲ್ಲಿ. ಏಳು ವರ್ಷದ ಹುಡುಗಿಯಿದ್ದಾಗ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲವಾಗಿ ಅಂದಿನ ಕಾಯಿದೆಯಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯವರಿಗೆ ಉಳಿದದ್ದು ತಿಂಗಳ ಜೀವನಾಂಶ. ಆಕೆ ಅದನ್ನು ಬೇಡವೆಂದು, ತಮ್ಮ ಸ್ತ್ರೀಧನದ ಮೇಲೆಯೇ ಮಕ್ಕಳನ್ನು ಸಾಕಿದರು. ಭಯವನ್ನು ಮಕ್ಕಳು ಮನೆಯಲ್ಲಿ ಕಲಿಯುವಂತೆ ಧೈರ್ಯವನ್ನೂ ಮನೆಯಲ್ಲಿಯೇ ಕಲಿಯುತ್ತಾರೆ.

ಆ ಧೈರ್ಯ ಬೇಗನೆ ಬೇಕಾಯಿತು. ಚಿಕ್ಕ ವಯಸ್ಸಿನಲ್ಲಿಯೇ ಕಮಲಾದೇವಿಗೆ ಮದುವೆಯಾಗಿ, ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯ ಬಂತು. ಅಂಥ ಹುಡುಗಿ ಮೂಲೆ ಹಿಡಿಯಬೇಕೆಂಬ ಕಾಲ ಅದು. ಆಕೆ ಓದು ಬಿಡಲಿಲ್ಲ. ಮುಂದೆ ಸರೋಜಿನಿ ನಾಯಿಡು ಅವರ ತಮ್ಮ ಹರೀಂದ್ರನಾಥರನ್ನು ಮರುಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ; ಊರವರು ಆಡಿಕೊಳ್ಳಲು ಇನ್ನೇನು ಬೇಕು!

1926ರಲ್ಲಿ ಮದರಾಸು ಶಾಸನಸಭೆಗೆ ನಿಂತರು. ನಮ್ಮ ದೇಶದಲ್ಲಿ ಹೆಂಗಸೊಬ್ಬಳು ಚುನಾವಣೆಗೆ ನಿಂತದ್ದು ಅದೇ ಮೊದಲೆಂದು ಹೇಳುತ್ತಾರೆ. ಬಲು ಕಡಮೆ ಮತಗಳಿಂದ ಸೋತರು. ಸೋತರೂ ಆಕಾಶವೇನೂ ಕಳಚಿ ಬೀಳಲಿಲ್ಲ. ಹೆದರಿ ಕುಳಿತವರಿಗೆ ತಿಳಿಯದೆ ಹೋಗುವ ಸಂಗತಿ ಇದೇ.

ಇನ್ನು 1930. ಗಾಂಧೀಜಿ 78 ಮಂದಿಯೊಡನೆ ದಂಡಿಗೆ ಹೊರಟಾಗ ಆ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿಯವರು ಗಾಂಧೀಜಿಯ ಎದುರಿಗೇ ವಾದಿಸಿ, ಹೆಂಗಸರಿಗೂ ಸತ್ಯಾಗ್ರಹದಲ್ಲಿ ಪಾಲು ಬೇಕೆಂದರು. ಬೊಂಬಾಯಿಯ ಕಡಲತೀರದಲ್ಲಿ ಉಪ್ಪು ಮಾಡಿದರು, ಅದರ ಪೊಟ್ಟಣಗಳನ್ನು ಷೇರುಪೇಟೆಯೊಳಗೇ ಒಯ್ದು ಮಾರಿದರು, ಸೆರೆಮನೆಗೆ ಹೋದರು. ಅಷ್ಟರಲ್ಲಿ ಹೊಸಿಲು ದಾಟಿ ಅರಿಯದ ಸಾವಿರಾರು ಗೃಹಿಣಿಯರು ಬಿಂದಿಗೆ ಹಿಡಿದು ಸಮುದ್ರಕ್ಕೆ ಇಳಿದಿದ್ದರು. ಒಬ್ಬರು ಮುಂದಾದರೆ ಪಕ್ಕದವರ ಅಂಜಿಕೆಯೂ ಅರ್ಧ ಇಳಿಯುತ್ತದೆ. ಸ್ವಂತದ ಬಿಡುಗಡೆ ಸಮಾಜದ ಬಿಡುಗಡೆಯಾಗುವುದು ಹೀಗೆ.

ದೇಶ ವಿಭಜನೆಯಾದ ಮೇಲೆ ಅವರ ಕೆಲಸ ನಡೆದದ್ದು ನಮ್ಮ ನೆರೆಯಲ್ಲಿಯೇ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಸ್ಥಾಪಿಸಿ, ಛತ್ತರಪುರದಲ್ಲಿ ನಿರಾಶ್ರಿತ ರೈತರಿಗೂ, ಫರೀದಾಬಾದಿನಲ್ಲಿ ವಾಯವ್ಯ ಗಡಿನಾಡಿನಿಂದ ಬಂದವರಿಗೂ ನೆರವಾದರು. ಮನೆ ಮಠ ಕಳೆದುಕೊಂಡವರಿಗೆ ನಾಳೆಯ ಭಯಕ್ಕಿಂತ ದೊಡ್ಡ ಭಯವುಂಟೆ? ಅವರಿಗೆ ಬರಿಯ ಅನ್ನ ಕೊಟ್ಟು ಕೂರಿಸಿದ್ದರೆ ಆ ಭಯ ಹೋಗುತ್ತಿರಲಿಲ್ಲ. ಸಹಕಾರ ಸಂಘ ಕಟ್ಟಿಕೊಂಡು, ಕರಣೆ ಹಿಡಿದು ಅರಿಯದವರು ಗಾರೆಕೆಲಸ ಕಲಿತು ತಮ್ಮ ಊರನ್ನು ತಾವೇ ಎಬ್ಬಿಸಿದರು. ಇಂದು ನಮ್ಮವರು ಅನೇಕರು ಮೆಟ್ರೋದಲ್ಲಿ ಹೋಗಿಬರುವ ಫರೀದಾಬಾದಿನ ಹಳೆಯ ಬಡಾವಣೆಗಳ ಕಥೆಯಿದು.

ಕಮಲಾದೇವಿಯವರು 1988ರಲ್ಲಿ ತೀರಿಕೊಂಡರು. ಅವರಷ್ಟು ದೊಡ್ಡ ಕೆಲಸ ಎಲ್ಲರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ನಮ್ಮ ನಮ್ಮ ಮನೆಗಳಲ್ಲಿ ನಾಲ್ಕು ಜನರಿಗಂಜಿ ಬಿಟ್ಟಿರುವ ಒಳ್ಳೆಯ ಕೆಲಸ ಒಂದಾದರೂ ಇದ್ದೇ ಇರುತ್ತದೆ. ಮುಂದಿನ ಸಂಚಿಕೆ ಕೈಸೇರುವುದಕ್ಕೆ ಮೂರು ತಿಂಗಳಿದೆ. ಅಷ್ಟರೊಳಗೆ ಅದೊಂದನ್ನು ಮಾಡಿ ನೋಡಬಾರದೆ? ಅರಿಸಿನ ಕುಂಕುಮಕ್ಕೆ ಆ ತಂಗಿಯನ್ನೂ ಕರೆಯಿರಿ. ಒಬ್ಬರು ಕರೆದರೆ ಬರುವ ವರ್ಷ ಹತ್ತು ಮನೆಯವರು ಕರೆದಾರು. ಯಾರು ಬಲ್ಲರು, ನಾವು ಹೆದರುತ್ತಿರುವ ಆ ನಾಲ್ಕು ಜನರೂ ಯಾರಾದರೂ ಮೊದಲು ಮಾಡಲೆಂದೇ ಕಾದಿರಬಹುದು!