ಬಂದೂಕಿಗೆ ಬೀಗ, ನೆರೆಹೊರೆಗೆ ಬಾಗಿಲು

2025ರ ಸೆಪ್ಟೆಂಬರ್ 10ರಂದು ಡಲ್ಲಾಸ್‌ನ ಮೋಟೆಲ್ ಒಂದರಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರೊಬ್ಬರು ಪತ್ನಿ ಮತ್ತು ಮಗನ ಕಣ್ಣೆದುರೇ ಮಚ್ಚಿನೇಟಿಗೆ ಬಲಿಯಾದರು. ಅದಕ್ಕೂ ಮೊದಲು, 2023ರ ಮೇ 6ರಂದು, ಡಲ್ಲಾಸ್‌ಗೆ ಸಮೀಪದ ಆ್ಯಲನ್ ಪಟ್ಟಣದ ಮಾಲ್‌ನಲ್ಲಿ ನಡೆದ ಗುಂಡಿನ ದಾಳಿಯಲ್ಲಿ ಎಂಟು ಮಂದಿ ಸತ್ತಿದ್ದರು. ಅವರಲ್ಲಿ ಹೈದರಾಬಾದ್ ಮೂಲದ ಯುವ ಎಂಜಿನಿಯರ್ ಒಬ್ಬಳೂ ಇದ್ದಳು. ಇಂಥ ಪ್ರತಿ ಘಟನೆಯ ನಂತರ ನಮ್ಮವರ ಊಟದ ಕೂಟಗಳಲ್ಲಿ ನನಗೆ ಎದುರಾಗುವ ಪ್ರಶ್ನೆ ಒಂದೇ: "ಡಾಕ್ಟ್ರೇ, ಮನೆಯಲ್ಲೊಂದು ಪಿಸ್ತೂಲು ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ?"

ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಉತ್ತರಿಸುವ ಮೊದಲು ಕಾನೂನನ್ನು ನೆನಪಿಸುತ್ತೇನೆ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದ, ಕಾನೂನಿನ ಅಡ್ಡಿಯಿಲ್ಲದ ವ್ಯಕ್ತಿ ಪರವಾನಗಿ ಇಲ್ಲದೆಯೇ ಕೈಬಂದೂಕು ಒಯ್ಯಬಹುದು. ನಮ್ಮವರಲ್ಲಿ ಹಲವರು ಇಷ್ಟನ್ನೇ ಕೇಳಿ ಅಂಗಡಿಗೆ ಹೊರಡುತ್ತಾರೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ಬಂದೂಕು ಹಿಡಿದು ಫೋಟೊ ತೆಗೆಸಿಕೊಳ್ಳುವ ಹುಡುಗರು ಇದನ್ನರಿಯಬೇಕು.

ಇನ್ನು ಕಾನೂನುಬದ್ಧವಾಗಿ ಕೊಳ್ಳಬಲ್ಲವರ ಮಾತು. ಕೆಲವು ವರ್ಷಗಳ ಹಿಂದೆ ಆತ್ಮೀಯರೊಬ್ಬರು ಊಟವಾದ ಮೇಲೆ ಮಲಗುವ ಕೋಣೆಗೆ ಕರೆದೊಯ್ದು, ಮಂಚದ ಪಕ್ಕದ ಡ್ರಾಯರ್ ಎಳೆದು ಹೊಸ ಪಿಸ್ತೂಲು ತೋರಿಸಿದರು. ಅದರಲ್ಲಿ ಗುಂಡು ತುಂಬಿತ್ತು. ಡ್ರಾಯರಿಗೆ ಬೀಗವಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅವರ ಹದಿನೈದರ ಮಗನಿದ್ದ. ಆ ಚಳಿಗಾಲದಲ್ಲಿ ಅವನು ಯಾರೊಡನೆಯೂ ಮಾತನಾಡುತ್ತಿಲ್ಲವೆಂದು ಅವನ ತಾಯಿ ಅಡುಗೆಮನೆಯಲ್ಲಿ ನನ್ನ ಪತ್ನಿಗೆ ಆಗಷ್ಟೇ ಹೇಳಿದ್ದರು. "ಇದರ ಬೀಗವೆಲ್ಲಿ?" ಎಂದೆ. "ಕಳ್ಳ ಬಂದಾಗ ಬೀಗ ಹುಡುಕುತ್ತಾ ಕೂರಲೇ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

2023ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು ಸುಮಾರು 47 ಸಾವಿರ. ಅವರಲ್ಲಿ 27 ಸಾವಿರಕ್ಕೂ ಹೆಚ್ಚು ಮಂದಿಯದು ಆತ್ಮಹತ್ಯೆ. 2020ರಿಂದ ಈಚೆಗೆ ಈ ದೇಶದ ಮಕ್ಕಳ ಹಾಗೂ ಹದಿಹರೆಯದವರ ಸಾವಿಗೆ ಮೊದಲ ಕಾರಣವೇ ಬಂದೂಕು. ಅಂದರೆ, ನಾವು ಕಳ್ಳನಿಗೆಂದು ತಂದ ಆಯುಧ ಮನೆಯವರನ್ನೇ ಬಲಿ ತೆಗೆದುಕೊಳ್ಳುವ ಸಂಭವ ಸಣ್ಣದಲ್ಲ. ಸಾಯುವ ಯೋಚನೆ ಎಷ್ಟೋ ಬಾರಿ ಕ್ಷಣಿಕ. ಆ ಗಳಿಗೆ ದಾಟಿ ಉಳಿದವರಲ್ಲಿ ಹೆಚ್ಚಿನವರು ಬದುಕಿಗೆ ಮರಳುತ್ತಾರೆ. ಆ ಗಳಿಗೆಯಲ್ಲಿ ಗುಂಡು ತುಂಬಿದ ಬಂದೂಕು ಕೈಗೆ ಸಿಕ್ಕಿದರೆ ಮರಳುವ ದಾರಿಯೇ ಮುಚ್ಚುತ್ತದೆ. ಮಗನ ಖಿನ್ನತೆಯನ್ನು 'ಲೋಕ ಏನಂದೀತು' ಎಂದು ಮುಚ್ಚಿಡುವ ನಮ್ಮ ಮನೆಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. 17 ವರ್ಷದೊಳಗಿನ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಅಜಾಗರೂಕತೆಯಿಂದ ಇಡುವುದು ಟೆಕ್ಸಸ್‌ನಲ್ಲೂ ಅಪರಾಧವೇ.

ಬಂದೂಕು ನಮಗೆ ಪರಕೀಯವೇನಲ್ಲ. ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿಯಿದೆ. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆ ಸಲ್ಲುತ್ತದೆ. ಮಲೆನಾಡಿನ ತೋಟದ ಮನೆಗಳ ಪರವಾನಗಿಯ ಕೋವಿ ಚುನಾವಣೆ ಬಂದರೆ ಠಾಣೆ ಸೇರುತ್ತದೆ. ಅಲ್ಲಿ ಕೋವಿಯ ಸುತ್ತ ಹಿರಿಯರಿದ್ದಾರೆ, ಕಟ್ಟಳೆಯಿದೆ, ಊರಿನ ಕಣ್ಣಿದೆ. ಇಲ್ಲಿ ನಾವು ಅದ್ಯಾವುದೂ ಇಲ್ಲದೆ ಕೋವಿಯನ್ನಷ್ಟೇ ಕೊಂಡು ತರುತ್ತಿದ್ದೇವೆ.

ಬಂದೂಕಿನಿಂದ ಜೀವ ಉಳಿದ ಉದಾಹರಣೆಯೇ ಇಲ್ಲವೇ? ಇದೆ. 2019ರ ಡಿಸೆಂಬರ್ 29ರಂದು ಫೋರ್ಟ್ ವರ್ತ್ ಬಳಿಯ ವೈಟ್ ಸೆಟಲ್‌ಮೆಂಟ್ ಪಟ್ಟಣದ ಚರ್ಚ್‌ನಲ್ಲಿ ಇಬ್ಬರನ್ನು ಕೊಂದ ದಾಳಿಕೋರನನ್ನು ಭದ್ರತಾ ಸ್ವಯಂಸೇವಕರೊಬ್ಬರು ಕೆಲವೇ ಕ್ಷಣಗಳಲ್ಲಿ ಹೊಡೆದುರುಳಿಸಿದರು. ಆದರೆ ಅವರು ಬಂದೂಕು ತರಬೇತುದಾರರೇ ಆಗಿದ್ದರು, ಚರ್ಚ್‌ನ ಭದ್ರತಾ ತಂಡದಲ್ಲಿದ್ದರು. ಡ್ರಾಯರಿನಲ್ಲಿ ಪಿಸ್ತೂಲಿಟ್ಟು ವರ್ಷಕ್ಕೊಮ್ಮೆಯೂ ಅಭ್ಯಾಸ ಮಾಡದವರು ಆ ಉದಾಹರಣೆಯನ್ನು ಎತ್ತಿ ಹೇಳುವುದು ಸಲ್ಲದು.

ಹಾಗಾದರೆ ಕೈಕಟ್ಟಿ ಕೂರಬೇಕೇ? ಬೇಡ. ಟೆಕ್ಸಸ್‌ನಲ್ಲಿ ಅಕ್ಟೋಬರ್ ತಿಂಗಳ ಮೊದಲ ಮಂಗಳವಾರ ನ್ಯಾಷನಲ್ ನೈಟ್ ಔಟ್ ನಡೆಯುತ್ತದೆ. ಪೊಲೀಸರು ಬೀದಿಗೆ ಬಂದು ನಿವಾಸಿಗಳೊಡನೆ ಮಾತಿಗೆ ನಿಲ್ಲುವ ಆ ಸಂಜೆ ನಮ್ಮವರು ಎಷ್ಟು ಮಂದಿ ಹೋಗುತ್ತೇವೆ? 1972ರಲ್ಲಿ ಆರಂಭವಾದ ನೇಬರ್‌ಹುಡ್ ವಾಚ್ ಯೋಜನೆಯ ನಿಯಮ ಸರಳ: ನೋಡಿ, ಗುರುತಿಟ್ಟುಕೊಳ್ಳಿ, ಪೊಲೀಸರಿಗೆ ತಿಳಿಸಿ, ಆಯುಧ ಬೇಡ, ಬೆನ್ನಟ್ಟುವುದೂ ಬೇಡ. ರಕ್ತಸ್ರಾವ ತಡೆಯುವ 'ಸ್ಟಾಪ್ ದ ಬ್ಲೀಡ್' ತರಬೇತಿಗೆ ಒಂದೆರಡು ಗಂಟೆ ಸಾಕು. ದೊಡ್ಡ ರಕ್ತನಾಳ ಕಡಿದರೆ ಆಂಬುಲೆನ್ಸ್ ಬರುವ ಮೊದಲೇ ಪ್ರಾಣ ಹೋಗಬಹುದು; ಪಕ್ಕದಲ್ಲಿದ್ದವರ ಕೈಗಳೇ ಆಗ ಚಿಕಿತ್ಸೆ.

ಡಲ್ಲಾಸ್‌ನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್‌ನ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘ ಮುಂದಿನ ರಾಜ್ಯೋತ್ಸವದಲ್ಲಿ ಹಾಡು-ನೃತ್ಯಗಳ ನಡುವೆ ಅರ್ಧ ಗಂಟೆ ಇದಕ್ಕೆ ಕೊಡಲಿ ಎಂಬುದು ನನ್ನ ಕೋರಿಕೆ. ಬಂದೂಕು ಇಟ್ಟುಕೊಂಡವರು ಗುಂಡು ತೆಗೆದು, ಬೀಗ ಹಾಕಿ, ಗುಂಡುಗಳನ್ನು ಬೇರೆಡೆ ಬೀಗದಲ್ಲಿಡಲಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ ಬಂದೂಕು ಕೆಲಕಾಲ ಮನೆಯಿಂದಲೇ ಹೊರಗಿರಲಿ. ಹಗಲಿರುಳೂ 988 ಸಂಖ್ಯೆಗೆ ಕರೆ ಮಾಡಬಹುದು.

ನನ್ನ ಸ್ನೇಹಿತರು ಆ ರಾತ್ರಿ ಮುನಿಸಿಕೊಂಡರು. ಎರಡು ವಾರಗಳ ಮೇಲೆ ಫೋನ್ ಮಾಡಿ, "ಬೀಗದ ಪೆಟ್ಟಿಗೆ ತಂದೆ. ಮಗನನ್ನು ಯಾರಿಗೆ ತೋರಿಸಲಿ, ಹೇಳಿ" ಎಂದರು. ಆ ಹುಡುಗ ಈಗ ಕಾಲೇಜಿನಲ್ಲಿದ್ದಾನೆ.