ಪಡಸಾಲೆಯಲ್ಲೊಂದು ರೈಲು ಹಾದಿ

ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಶಿಲೆಯಿದೆ. 1294ರಲ್ಲಿ, ಕಾಕತೀಯರ ಕಾಲದಲ್ಲಿ, ಕೋಟೆ ಕಟ್ಟಿಸಿದವರು ಅದರ ಮೇಲೆ ಶಾಸನವನ್ನು ಬರೆಯಿಸಿದರು. ಅಷ್ಟಕ್ಕೇ ತೃಪ್ತರಾಗದೆ, ಆ ಹೆಬ್ಬಂಡೆಯನ್ನು ಬಂಡಿಯ ಮೇಲೇರಿಸಿ ಕೋಣಗಳಿಂದ ಎಳೆಯಿಸಿ ತಂದ ಬಗೆಯನ್ನೂ ಅಲ್ಲಿಯೇ ಚಿತ್ರವಾಗಿ ಕೊರೆಯಿಸಿದರು. ದುಡಿದವರ ದುಡಿಮೆಯನ್ನು ಚಿಕ್ಕದಾಗಿ ಮಾಡಿ ಕಣ್ಣೆದುರು ಇಟ್ಟುಕೊಳ್ಳುವ ಆಸೆ ನಮ್ಮ ಸೀಮೆಗೆ ಹೊಸದೇನಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಣ್ಣಿನ ಎತ್ತುಗಳು ಮೈದಳೆಯುತ್ತವೆ. ಜೋಳದ ದಂಟಿನ ಬೆಂಡಿಗೆ ಸಿಬಿರು ಚುಚ್ಚಿ ಬಂಡಿ ಕಟ್ಟದ ಹುಡುಗರು ನಮ್ಮ ಕಾಲದಲ್ಲಂತೂ ಇರಲಿಲ್ಲ.

ಆದರೆ ಎತ್ತು, ಬಂಡಿಗಳ ಬದಲು ರೈಲು ಹಾದಿಯನ್ನೇ ಮನೆಯೊಳಗೆ ಹಾಸಿದವರನ್ನು ನಾವು ಕಂಡದ್ದು ಕಲ್ಮಲದಲ್ಲಿ. ದೇವದುರ್ಗದ ಹಾದಿಯೂ ಮಾನ್ವಿಯ ಹಾದಿಯೂ ಕವಲೊಡೆಯುವ ಆ ಊರು ಬಸ್ಸು ಲಾರಿಗಳ ಸದ್ದಿನಲ್ಲೇ ಬೆಳಗು ಕಾಣುವಂಥದು. ಆ ಮನೆಯ ಯಜಮಾನರು ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ದುಡಿದು ನಿವೃತ್ತರಾದವರು. ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ ಎಂಬುದನ್ನು ವಾಚಕರು ಬಲ್ಲರು. ಆ ಹಾದಿಯ ಕೆಲವು ಮೈಲಿಗಳನ್ನು ಇವರು ಬಿಸಿಲೆನ್ನದೆ ಮಳೆಯೆನ್ನದೆ ಸುತ್ತಿಗೆ ಹಿಡಿದು ನಡೆದು ಕಾಯ್ದವರು.

ಅದೇ ಹಾದಿಯ ಮೇಲೆ ಪುಣೆಗೆ ಹೋಗಿದ್ದಾಗ ಮೊಮ್ಮಗನನ್ನು ಕರೆದುಕೊಂಡು ಜೋಶಿಯವರ ಕಿರು ರೈಲುಗಳ ಸಂಗ್ರಹಾಲಯವನ್ನು ನೋಡಿ ಬಂದರಂತೆ. 1998ರಲ್ಲಿ ತೆರೆದ ಆ ಸಂಗ್ರಹಾಲಯದಲ್ಲಿ ಒಂದು ಊರಿಗೆ ಊರೇ ಅಂಗೈಯಗಲದ ರೈಲುಗಳೊಡನೆ ಬದುಕಿದೆ. ಹುಡುಗ ಮನೆಗೆ ಬಂದವನೇ ಹಟ ಹಿಡಿದನು. ವಿದ್ಯುತ್ತಿನಿಂದ ಓಡುವ ಒಂದು ಎಂಜಿನ್ನೂ ವರ್ತುಲಾಕಾರದ ಹಳಿಯೂ ಮನೆಗೆ ಬಂದವು. ತಾತ ಡಬ್ಬಿಯಿಂದ ಹಳಿಯ ತುಂಡನ್ನು ತೆಗೆದು ಬೆಳಕಿಗೆ ಹಿಡಿದು, “ಇದು ನಮ್ಮ ಹಳಿ ಅಲ್ಲಪಾ, ಅಗಲ ಕಮ್ಮಿ ಐತಿ” ಎಂದರು.

ಅವರ ಕಣ್ಣು ಸುಳ್ಳಾಡಿರಲಿಲ್ಲ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕಿರುಮಾದರಿ ನಿಜದ 87ನೆಯ ಒಂದು ಪಾಲು. ಅದರ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಯುರೋಪು, ಅಮೆರಿಕಗಳ 1435 ಮಿ.ಮೀ. ಹಾದಿಗೆ ಆ ಲೆಕ್ಕ ಸರಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ.ಗೂ ತುಸು ಹೆಚ್ಚಾಗುತ್ತದೆ. ಮೂರು ಮಿಲಿಮೀಟರಿನ ವ್ಯತ್ಯಾಸ ಮಗುವಿನ ಆಟಕ್ಕೆ ಏನೂ ಅಲ್ಲ. ಹಳಿಗಳ ಅಂತರವನ್ನು ದಿನವೂ ಅಳತೆಯ ಕೋಲಿಟ್ಟು ನೋಡಿದ ಮನುಷ್ಯನಿಗೆ ಅದು ನುಂಗಲಾರದ ತುತ್ತು.

ಹುಡುಗನಿಗೆ ಬೇಕಾದದ್ದು ಓಡುವ ರೈಲು. ತಾತನಿಗೆ ಬೇಕಾದದ್ದು ತನ್ನ ಹಾದಿ. ಎರಡು ದಿನ ಇಬ್ಬರಿಗೂ ಮಾತಿಲ್ಲ. ಕೊನೆಗೆ ಹಿಂದುಗಡೆ ಕೊಂಡು ತಂದ ಹಳಿಯಲ್ಲಿ ಹುಡುಗನ ಎಂಜಿನ್ ಓಡುವುದೆಂದೂ, ಮುಂದುಗಡೆ ತಾತನ ಅಳತೆಯ ಎರಡು ಮೀಟರ್ ನೇರ ಹಾದಿಯನ್ನು ಕೈಯಿಂದಲೇ ಹಾಸಿ, ಕಟ್ಟಿಗೆಯ ಬೋಗಿಗಳನ್ನು ಬೆರಳಿನಿಂದ ನೂಕುವುದೆಂದೂ ತೀರ್ಮಾನವಾಯಿತು. ಎರಡು ಮೀಟರ್ ಅಲ್ಪವೆನಿಸಬಹುದು. ಕಿಲೋಮೀಟರಿಗೆ 1660 ಸ್ಲೀಪರುಗಳಂತೆ ಲೆಕ್ಕ ಹಾಕಿದರೆ ಅಷ್ಟಕ್ಕೇ 289 ಸ್ಲೀಪರುಗಳಾಗುತ್ತವೆ. ಮೂರು ಮಿ.ಮೀ. ಅಗಲದ ಬಿದಿರಿನ ಸಿಬಿರುಗಳನ್ನು ಒಂದೊಂದಾಗಿ ಸೀಳಿ, ಉಜ್ಜಿ, ಅಂಟಿಸಿದ್ದಾರೆ. ನಾವು ಎಣಿಸಲು ಹೋಗಲಿಲ್ಲ, ಅವರು ತಪ್ಪಿಸಿರಲಾರರು.

ಎಲ್ಲವನ್ನೂ ಅಳತೆಗೆ ತಕ್ಕಂತೆ ಮಾಡುವುದು ಸಾಧ್ಯವೇ ಇಲ್ಲ ಎಂಬುದನ್ನೂ ಅವರೇ ನಮಗೆ ತಿಳಿಸಿದರು. ಇಪ್ಪತ್ತನಾಲ್ಕು ಬೋಗಿಗಳ ರೈಲು ಈ ಪ್ರಮಾಣದಲ್ಲಿ ಆರು ಮೀಟರನ್ನು ದಾಟುತ್ತದೆ, ಅಂದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ. ಬ್ರಾಡ್‌ಗೇಜಿನ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಅದು ಇಲ್ಲಿ ಎರಡು ಮೀಟರ್. ಅರ್ಧ ಸುತ್ತು ಬರಲು ನಾಲ್ಕು ಮೀಟರ್ ಅಗಲದ ಹಲಗೆ ಬೇಕು. ಹಾಗಾಗಿ ಏನನ್ನು ಬಿಡಬೇಕೆಂಬುದೇ ಇಲ್ಲಿ ದೊಡ್ಡ ವಿಚಾರ. ರಾಯಚೂರು ನಿಲ್ದಾಣದ ಕಟ್ಟಡಕ್ಕೆ ಇನ್ನೂ ಗೋಡೆ ಎದ್ದಿಲ್ಲ. ಗ್ಯಾಂಗಿನವರು ಸಲಿಕೆ, ಗುದ್ದಲಿಗಳನ್ನಿಡುವ ಗುಡಿಸಲು ಮಾತ್ರ ಎಲ್ಲಕ್ಕಿಂತ ಮೊದಲೇ, ಬಾಗಿಲ ಚಿಲಕದ ಸಮೇತ, ಸಿದ್ಧವಾಗಿ ನಿಂತಿದೆ. ಸ್ಟೇಷನ್ ಮಾಸ್ತರರ ಹೆಸರನ್ನು ಹಲಗೆಯ ಮೇಲೆ ಬರೆದು ತೂಗುಹಾಕುವ ರೂಢಿಯುಂಟು. ಹಳಿ ಕಾಯುವವನ ಹೆಸರು ಬರೆದ ಹಲಗೆಯನ್ನು ನಾವು ಎಲ್ಲಿಯೂ ಕಂಡಿಲ್ಲ.

ವಯಸ್ಸಾದವರಿಗೆ ಇಂಥ ಆಟಿಕೆ ಏಕೆ, ಜಪತಪ ಮಾಡಿಕೊಂಡಿರಬಾರದೇ ಎಂದು ಊರಲ್ಲಿ ಕೆಲವರು ನಗುವುದುಂಟಂತೆ. ದುಡಿದ ಕೈಯನ್ನು ಒಮ್ಮೆಲೇ ಮಡಿಚಿ ಕೂರೆನ್ನುವುದು ಜಪವನ್ನು ಅರಿತವರ ಮಾತಲ್ಲ. ನಮ್ಮ ಆಕ್ಷೇಪಣೆ ಇದ್ದದ್ದು ಬೇರೆಡೆಗೆ. ಹಲಗೆ ಹಿಡಿದಿದ್ದುದು ಪಡಸಾಲೆಯ ಎರಡು ಅಂಕಣಗಳನ್ನು (ನಾವು ಬರೆಯುವ ಈ ಅಂಕಣವಲ್ಲ, ಕಂಬದಿಂದ ಕಂಬಕ್ಕಿರುವ ಅಂಕಣ). ಅದರ ಕೆಳಗೆ ಬಗ್ಗಿ ಕಸ ಗುಡಿಸುತ್ತಿದ್ದವರು ಸೊಸೆ. ಅವರನ್ನು ಕೇಳಿ ಹಲಗೆ ಹಾಕಿದಿರಾ ಎಂದು ನಾವು ವಿಚಾರಿಸಿದೆವು. ಯಜಮಾನರು ಉತ್ತರಿಸಲಿಲ್ಲ. ಒಳಗಿನಿಂದ ಸೊಸೆಯೇ ಅಂದರು: “ಕಸ ಹೋಗ್ಲಿ ಮಾವ, ಹತ್ತಿ ಬಿಡಿಸಿ ತಂದಮ್ಯಾಲೆ ಎಲ್ಲಿ ಹಾಕೋದ್ರಿ?”

ಹತ್ತಿಯೆಂದರೆ ಆ ಮನೆಯ ವರ್ಷದ ಅನ್ನ. ಹಲಗೆಯನ್ನು ಬಿಚ್ಚಿದರೆ ಹಾಸಿದ ಹಳಿ ಮುರಿಯುತ್ತದೆ. ದನದ ಕೊಟ್ಟಿಗೆಗೆ ಸಾಗಿಸಿದರೆ ತೇವಕ್ಕೆ ಕಟ್ಟಿಗೆ ಬಾಗುತ್ತದೆ. ದಾರಿ ತೋರಿಸಿದವರೂ ಸೊಸೆಯೇ. ಮೇಲಿನ ತೊಲೆಗಳಲ್ಲಿ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಗಳಿದ್ದವು. ಹೊಸದಾಗಿ ಇನ್ನೆರಡನ್ನು ಬಡಿಯಿಸಿ, ನಾಲ್ಕು ಮೂಲೆಗೆ ಹಗ್ಗ ಕಟ್ಟಿ, ಬಾವಿಯ ರಾಟೆಯಂತೆ ಗಾಲಿಯಿಟ್ಟು ಹಲಗೆಯನ್ನು ಹಾಗೆಯೇ ಮೇಲಕ್ಕೆಳೆದರು. ಕೆಳಗೆ ಗುಡಿಸುವ ಕೆಲಸವನ್ನು ಇನ್ನು ಮುಂದೆ ತಾತ ಮೊಮ್ಮಗ ಇಬ್ಬರೇ ಮಾಡಬೇಕೆಂಬುದು ಸೊಸೆಯ ಕರಾರು. ಅದನ್ನು ನಮ್ಮೆದುರಿಗೇ ಒಪ್ಪಿಸಿಕೊಂಡರು.

ಮುಂದಿನ ಸಲ ನಾವು ಹೋದಾಗ ಹತ್ತಿ ಮಾರಾಟವಾಗಿ ಹಲಗೆ ಕೆಳಗಿಳಿದಿತ್ತು. ತೊಲೆಯ ಎತ್ತರಕ್ಕೂ ಹತ್ತಿಯ ಎಳೆ ಹಾರಿ ಎಂಜಿನ್ನಿನ ಅಚ್ಚುಗಳಿಗೆಲ್ಲ ಸುತ್ತಿಕೊಂಡಿತ್ತು. ಹಳಿಯ ಮೇಲೆ ಎರೆಮಣ್ಣಿನ ಧೂಳು ಕೂತು ವಿದ್ಯುತ್ತು ಹರಿಯದೆ ಹುಡುಗನ ರೈಲು ನಿಂತುಬಿಟ್ಟಿತ್ತು. ಅವನು ಜಾಲಿಮುಳ್ಳಿನಿಂದ ಎಳೆ ಬಿಡಿಸುತ್ತಿದ್ದನು. ತಾತ ಒದ್ದೆಮಾಡಿ ಹಿಂಡಿದ ಅರಿವೆಯನ್ನು ಬೆರಳಿಗೆ ಸುತ್ತಿ, ತಮ್ಮ ಹಾದಿಯನ್ನು ಬಿಟ್ಟು ಮೊದಲು ಹುಡುಗನ ಹಳಿಯನ್ನು ಒರೆಸುತ್ತಿದ್ದರು.