ವಾರಕ್ಕೊಂದು ಒಗಟು, ಕನ್ನಡದಲ್ಲೇ ಇರಲಿ

ಹೊರನಾಡಿನ ಕನ್ನಡ ಮನೆಗಳಲ್ಲಿ ಮಕ್ಕಳ ಜತೆ ನಾವು ಆಡುವ ಮಾತನ್ನು ಒಂದು ದಿನ ಕಿವಿಗೊಟ್ಟು ಕೇಳಬೇಕು. ‘ಎದ್ದೇಳು’, ‘ಹಲ್ಲುಜ್ಜು’, ‘ಊಟಕ್ಕೆ ಬಾ’, ‘ಮೊಬೈಲ್ ಕೆಳಗಿಡು’, ‘ಮಲಗು’. ಹೆಚ್ಚಿನವು ಅಪ್ಪಣೆಗಳು. ಅಪ್ಪಣೆಗೆ ‘ಹೂಂ’ ಅಂದರೆ ಸಾಕು. ಹೋಮ್‌ವರ್ಕ್ ಬಂತು, ವಿಜ್ಞಾನ ಬಂತು, ಯಾಕೆ ಹೇಗೆ ಎಂಬ ಪ್ರಶ್ನೆ ಬಂತು ಎಂದರೆ ಮಾತು ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ. ಪುಣೆಯಲ್ಲಿ ನನ್ನಂಥ ಸಾಫ್ಟ್‌ವೇರ್ ಉದ್ಯೋಗಿಗಳ ಮನೆಗಳಲ್ಲಿ ಇದು ದಿನನಿತ್ಯದ ಸಂಗತಿ. ಹೀಗಾಗಿ ಮಗುವಿನ ಪಾಲಿಗೆ ಕನ್ನಡವೆಂದರೆ ಊಟದ, ನಿದ್ದೆಯ, ಬೈಗುಳದ ಭಾಷೆ. ಯೋಚನೆ ಮಾಡುವ ಭಾಷೆ ಬೇರೆಯದೇ.

ಇದಕ್ಕೆ ಭಾಷಣ ಮದ್ದಲ್ಲ. ವಾರಕ್ಕೊಂದು ಲೆಕ್ಕದ ಒಗಟು ಒಳ್ಳೆಯ ಮದ್ದಾಗಬಲ್ಲದು ಎಂಬುದು ನನ್ನ ವಾದ.

ನಮ್ಮಲ್ಲಿ ಅನೇಕರು ಕೇಳಿ ಬೆಳೆದ ಹಕ್ಕಿಗಳ ಲೆಕ್ಕವನ್ನೇ ತೆಗೆದುಕೊಳ್ಳಿ. ಹಾರುತ್ತಿದ್ದ ಹಕ್ಕಿಗಳ ಹಿಂಡನ್ನು ಕಂಡು ಮರದ ಮೇಲಿದ್ದ ಒಂಟಿ ಹಕ್ಕಿ ‘ನೀವು ನೂರು ಮಂದಿ ಇದ್ದೀರಾ?’ ಎಂದು ಕೇಳುತ್ತದೆ. ‘ಇಲ್ಲ; ನಾವು, ನಮ್ಮಷ್ಟೇ ಇನ್ನೊಮ್ಮೆ, ನಮ್ಮಲ್ಲಿ ಅರ್ಧ, ನಮ್ಮಲ್ಲಿ ಕಾಲು, ಜತೆಗೆ ನೀನೂ ಸೇರಿದರೆ ನೂರು’ ಎಂದು ಹಿಂಡು ಉತ್ತರಿಸುತ್ತದೆ. ಹಾಗಾದರೆ ಹಿಂಡಿನಲ್ಲಿ ಎಷ್ಟಿದ್ದವು?

ಹೊರಗೆ ಬೆಳೆದ ಮಗು ಇಲ್ಲಿ ಮೊದಲು ಎಡವುವುದು ಗಣಿತದಲ್ಲಲ್ಲ, ‘ಕಾಲು’ ಎಂಬಲ್ಲಿ. ಹಕ್ಕಿಯ ಕಾಲನ್ನು ಯಾಕೆ ಕೂಡಬೇಕು ಎಂದು ಕೇಳಿದರೆ ನಗಬೇಡಿ, ಅದು ನ್ಯಾಯವಾದ ಪ್ರಶ್ನೆ. ಅರ್ಧ, ಕಾಲು, ಮುಕ್ಕಾಲು, ಹದಿನಾರನೇ ಒಂದು ಭಾಗಕ್ಕೆ ವೀಸ ಎಂದು ವಿವರಿಸುವ ಅವಕಾಶ ಅಲ್ಲೇ ಸಿಗುತ್ತದೆ. ಆಮೇಲೆ ಬಿಡಿಸುವ ಕೆಲಸ. ಎಕ್ಸ್, ವೈ ಬೇಕಾಗಿಲ್ಲ. ಹಿಂಡಿನ ಕಾಲು ಭಾಗವನ್ನೇ ಒಂದು ಗುಂಪು ಎಂದಿಟ್ಟುಕೊಂಡರೆ ಇಡೀ ಹಿಂಡು ನಾಲ್ಕು ಗುಂಪು, ಅದರಷ್ಟೇ ಇನ್ನೊಮ್ಮೆ ನಾಲ್ಕು, ಅರ್ಧಕ್ಕೆ ಎರಡು, ಕಾಲಿಗೆ ಒಂದು. ಒಟ್ಟು ಹನ್ನೊಂದು ಗುಂಪು. ಒಂಟಿ ಹಕ್ಕಿಯನ್ನು ಕಳೆದರೆ ಉಳಿಯುವುದು 99. ಅಂದರೆ ಗುಂಪಿಗೆ 9, ಹಿಂಡಿನಲ್ಲಿ 36. ಸರಿಯೋ ತಪ್ಪೋ ಎಂದು ಮೇಷ್ಟ್ರನ್ನು ಕೇಳಬೇಕಿಲ್ಲ, ಕೂಡಿ ನೋಡಿದರೆ ಗೊತ್ತಾಗುತ್ತದೆ.

ಈ ಹತ್ತು ನಿಮಿಷದಲ್ಲಿ ಮಗುವಿನ ಬಾಯಲ್ಲಿ ಬಂದ ಕನ್ನಡವನ್ನು ಗಮನಿಸಿ. ‘ಒಂದು ವೇಳೆ’, ‘ಹಾಗಿದ್ದರೆ’, ‘ಅಷ್ಟೇ ಅಲ್ಲ’, ‘ಆಗಲ್ಲ, ಯಾಕಂದ್ರೆ’. ತರ್ಕಕ್ಕೆ ಬೇಕಾದ ಇಂಥ ಮಾತುಗಳು ಅಪ್ಪಣೆಗಳಲ್ಲಿ ಎಂದೂ ಬರುವುದಿಲ್ಲ. ಒಗಟಿನಲ್ಲಿ ಅವಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು.

ಕನ್ನಡ ನಾಡಿಗೆ ಇದು ಹೊಸದೇನಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರ ಸಂಗ್ರಹ’ ಬರೆದರು. ಕನ್ನಡದ ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಸಂಖ್ಯೆಗಳನ್ನು ಅವರು ಹಾರಕ್ಕೆ ಹೋಲಿಸುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸರ, 11111111. ಮುಂದೆ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರ ಗಣಿತ’ ಬರೆದ. ಲೆಕ್ಕಕ್ಕೆ ಕನ್ನಡ ಒಗ್ಗುವುದಿಲ್ಲ ಎನ್ನುವವರಿಗೆ ಆ ಪುಸ್ತಕದ ಹೆಸರು ಹೇಳಿದರೆ ಸಾಕು.

ನಾವಿರುವ ಊರುಗಳಿಗೂ ಇದರಲ್ಲಿ ಪಾಲಿದೆ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಡಿ.ಆರ್. ಕಾಪ್ರೇಕರ್ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದರು. 1949ರಲ್ಲಿ ಅವರು ಕಂಡುಕೊಂಡ ಸಂಖ್ಯೆ 6174. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ಹಿಡಿಯಿರಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೇ ಮಾಡುತ್ತ ಹೋಗಿ. ನಮ್ಮ ರಾಜ್ಯ ಒಂದಾದ 1956ನ್ನೇ ನೋಡೋಣ. 9651ರಲ್ಲಿ 1569 ಕಳೆದರೆ 8082. 8820ರಲ್ಲಿ 0288 ಕಳೆದರೆ 8532. 8532ರಲ್ಲಿ 2358 ಕಳೆದರೆ 6174. ಅಲ್ಲಿಗೆ ನಿಂತಿತು. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೇವೆ. ಕಳೆಯುವುದು ಬಂದರೆ ಸಾಕು, ಮೂರನೇ ಕ್ಲಾಸಿನ ಮಗುವೂ ತನ್ನ ಹುಟ್ಟಿದ ವರ್ಷ ಹಿಡಿದು ಕೂರಬಹುದು.

ಒಗಟಿನ ಹೆಸರಿನಲ್ಲಿ ಬರುವುದೆಲ್ಲ ಒಗಟಲ್ಲ. ‘ಶೇಕಡ 99 ಜನ ಇದರಲ್ಲಿ ಫೇಲ್’ ಎಂದು ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಲೆಕ್ಕಗಳಲ್ಲಿ ಬಹಳಷ್ಟು ಆವರಣ ಚಿಹ್ನೆಯನ್ನು ಬೇಕೆಂದೇ ಬಿಟ್ಟು ಜಗಳ ಹಚ್ಚುವಂಥವು. ಅಲ್ಲಿ ಯೋಚನೆಗಿಂತ ಗದ್ದಲ ಜಾಸ್ತಿ. ಇನ್ನೊಂದು ಕಡೆ, ಗಡಿಯಾರ ಹಿಡಿದು ಮಕ್ಕಳ ವೇಗ ಅಳೆಯುವ ಕ್ಲಾಸುಗಳಿವೆ. ವೇಗದ ಲೆಕ್ಕ ಒಂದು ಕೌಶಲ, ಅದು ತಪ್ಪಲ್ಲ. ಆದರೆ ಒಗಟಿಗೆ ನಿಧಾನವೇ ಬಂಡವಾಳ. ಶನಿವಾರ ಕೇಳಿದ ಪ್ರಶ್ನೆ ಮಂಗಳವಾರ ಸ್ಕೂಲ್ ಬಸ್ಸಿನಲ್ಲಿ ಬಿಡಿಸಿಕೊಂಡರೆ ಅದರ ಖುಷಿಯೇ ಬೇರೆ. ಉತ್ತರವನ್ನು ಬೇಗ ಹೇಳಿಬಿಡುವ ಚಪಲ ನಮಗೇ ಹೆಚ್ಚು. ಅದನ್ನು ತಡೆದುಕೊಳ್ಳಬೇಕು.

ಶಾಲೆಯಲ್ಲಿ ಗಣಿತ ಇಂಗ್ಲಿಷಿನಲ್ಲಿ, ಮನೆಯಲ್ಲಿ ಕನ್ನಡದಲ್ಲಾದರೆ ಮಗುವಿಗೆ ಗೊಂದಲವಾಗದೇ ಎಂದು ಕೆಲವರು ಕೇಳುತ್ತಾರೆ. ನಾವು ಪಠ್ಯವನ್ನು ಅನುವಾದಿಸಲು ಹೊರಟಿಲ್ಲ. ‘ಮೈನಸ್ ಮಾಡು’ ಅಂದರೂ ಅಡ್ಡಿಯಿಲ್ಲ, ಕಥೆ ಮತ್ತು ವಾದ ಕನ್ನಡದಲ್ಲಿದ್ದರಾಯಿತು. ಪುಣೆಯ ಪಕ್ಕದ ಮನೆಯವರು ಇದನ್ನು ಕೋಡೆ ಎನ್ನುತ್ತಾರೆ, ಹೈದರಾಬಾದಿನಲ್ಲಿ ಪೊಡುಪು ಕಥೆ, ಚೆನ್ನೈನಲ್ಲಿ ವಿಡುಕದೈ. ಮಗು ಅವರ ಒಗಟನ್ನು ಕೇಳಿ ಬಂದು ನಮಗೆ ಕನ್ನಡದಲ್ಲಿ ಹೇಳಿದರೆ ಇನ್ನೂ ಒಳ್ಳೆಯದೇ.

ಊರಲ್ಲಿರುವ ಅಜ್ಜ ಅಜ್ಜಿಯರೂ ಇದಕ್ಕೆ ಬೇಕು. ಭಾನುವಾರದ ವಿಡಿಯೋ ಕಾಲ್ ‘ಊಟ ಆಯ್ತಾ?’, ‘ಆಯ್ತು’ಗೆ ಮುಗಿಯುತ್ತಿದೆ, ಮುಂದೆ ಮಾತಿಗೆ ವಿಷಯವಿಲ್ಲ. ಅಜ್ಜಿ ಒಂದು ಒಗಟು ಹಾಕಿ, ಉತ್ತರ ಮುಂದಿನ ವಾರ ಎಂದರೆ ಮೊಮ್ಮಗಳು ತಾನೇ ಫೋನು ಹಚ್ಚಿಯಾಳು.

ಶುರುವಿಗೆ ‘ಗಣಿತಸಾರ ಸಂಗ್ರಹ’ದ ಒಂದು ಲೆಕ್ಕ. ಮೂವರು ವ್ಯಾಪಾರಿಗಳು ದಾರಿಯಲ್ಲಿ ಹಣದ ಚೀಲ ಕಾಣುತ್ತಾರೆ. ‘ಚೀಲ ನನಗೆ ಸಿಕ್ಕರೆ ನನ್ನ ಹಣ ನಿಮ್ಮಿಬ್ಬರ ಒಟ್ಟು ಹಣದ ಎರಡರಷ್ಟಾಗುತ್ತದೆ’ ಎನ್ನುತ್ತಾನೆ ಮೊದಲನೆಯವ. ‘ನನಗೆ ಸಿಕ್ಕರೆ ಮೂರರಷ್ಟು’ ಎನ್ನುತ್ತಾನೆ ಎರಡನೆಯವ. ‘ನನಗೆ ಸಿಕ್ಕರೆ ಐದರಷ್ಟು’ ಎನ್ನುತ್ತಾನೆ ಮೂರನೆಯವ. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಕೈಯಲ್ಲಿ ಎಷ್ಟಿತ್ತು? ಆದಷ್ಟೂ ಚಿಕ್ಕ ಪೂರ್ಣ ಸಂಖ್ಯೆಗಳಲ್ಲಿ ಹೇಳಿ. ಉತ್ತರವನ್ನು ಇಲ್ಲಿ ಕೊಡುತ್ತಿಲ್ಲ. ಮೂರೂ ಮಾತಿಗೆ ತಾಳೆ ಹಾಕಿ ನೋಡಿದರೆ ನಿಮಗೇ ತಿಳಿಯುತ್ತದೆ.